ಕಡಿಮೆ ಹಣದಲ್ಲಿ ಒಳ್ಳೆಯ ಮೆಕ್ಯಾನಿಕಲ್ ಕೀಲಿಮಣೆಯನ್ನು ಆರಿಸುವುದು ಹೇಗೆ?

ಮೆಕ್ಯಾನಿಕಲ್ ಕೀಲಿಮಣೆ ಎಂದರೆ ದುಬಾರಿ ಹವ್ಯಾಸ ಎಂಬ ಭಾವನೆ ಬಹಳ ಜನರಲ್ಲಿ ಇನ್ನೂ ಉಳಿದಿದೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. 1980ರ ದಶಕದಲ್ಲಿ ಚೆರ್ರಿ ಕಂಪನಿ ಹೊರತಂದ ಎಂಎಕ್ಸ್ ಸ್ವಿಚ್ಚಿನ (ಸ್ವಿಚ್ಚು ಎಂದರೆ ಪ್ರತಿ ಕೀಲಿಯ ಕೆಳಗಿದ್ದು, ಒತ್ತಿದ್ದನ್ನು ಗುರುತಿಸುವ ಬಿಡಿ ಭಾಗ) ಪೇಟೆಂಟ್ ಅವಧಿ ಮುಗಿದ ಮೇಲೆ ಗೇಟೆರಾನ್, ಕೈಲ್, ಔಟೆಮು ಮೊದಲಾದ ಚೀನಾದ ತಯಾರಕರು ಅದೇ ಅಳತೆಯ ಸ್ವಿಚ್ಚುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ತಂದರು. ಅಂದಿನಿಂದ ಬೆಲೆ ಇಳಿಯುತ್ತಲೇ ಬಂದಿದ್ದು, ಇಂದು ತೀರ ಅಗ್ಗದ ಕೀಲಿಮಣೆಯಲ್ಲೂ ಚೆನ್ನಾಗಿ ಕೆಲಸ ಮಾಡುವ ಸ್ವಿಚ್ಚು ಸಿಗುವುದು ಸಾಧ್ಯವಾಗಿದೆ. ಆದರೆ ಹೆಚ್ಚುಕಡಿಮೆ ಒಂದೇ ಬೆಲೆಯ ಹತ್ತಾರು ಮಾದರಿಗಳನ್ನು ಎದುರಿಗೆ ಇಟ್ಟುಕೊಂಡಾಗ, ತಯಾರಕರು ಯಾವುದಕ್ಕೆ ಹಣ ಹಾಕಿದ್ದಾರೆ, ಯಾವುದರಲ್ಲಿ ಉಳಿಸಿಕೊಂಡಿದ್ದಾರೆ ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ.

ಕೈಯಲ್ಲಿರುವ ಹಣ ಕಡಿಮೆಯಿದ್ದಾಗ ನಾನು ಅನುಸರಿಸುವ ಕ್ರಮ ಹೀಗಿದೆ. ಕೊಂಡ ಮೇಲೆ ಬದಲಾಯಿಸಲಾಗದ ಭಾಗಗಳಿಗೆ ಮೊದಲು ಹಣ ಕೊಡಬೇಕು. ಮುಂದೆ ಯಾವಾಗ ಬೇಕಾದರೂ ಬದಲಾಯಿಸಬಹುದಾದುದನ್ನು ಮುಂದಕ್ಕೇ ಬಿಡಬೇಕು. ಬೆರಳಿಗೆ ತಾಗದ, ಬರವಣಿಗೆಗೆ ನೆರವಾಗದ ಅಲಂಕಾರವನ್ನು ಕೈಬಿಡಬೇಕು.

ಮೊದಲು ಗಾತ್ರ

ಗಾತ್ರವೇ ಮೊದಲ ನಿರ್ಧಾರವಾಗಬೇಕು, ಏಕೆಂದರೆ ಒಮ್ಮೆ ಕೊಂಡ ಮೇಲೆ ಅದನ್ನು ತಿದ್ದಲು ದಾರಿಯೇ ಇಲ್ಲ. ಪೂರ್ಣ ಗಾತ್ರದ ಕೀಲಿಮಣೆಯಲ್ಲಿ ಸಾಮಾನ್ಯವಾಗಿ 104 ಕೀಲಿಗಳಿರುತ್ತವೆ. ಬಲಗಡೆಯ ಅಂಕಿಗಳ ಗುಂಪನ್ನು ತೆಗೆದರೆ 87 ಕೀಲಿಗಳ, ಟೆನ್‌ಕೀಲೆಸ್ ಎಂದು ಕರೆಯಲಾಗುವ ಗಾತ್ರ ಉಳಿಯುತ್ತದೆ. ಅದಕ್ಕಿಂತ ಚಿಕ್ಕದಾದ 75 ಶೇಕಡಾ ಮಾದರಿಯಲ್ಲಿ ಮೇಲಿನ ಎಫ್ ಸಾಲು (ಎಫ್1ರಿಂದ ಎಫ್12ರವರೆಗಿನ ಕೀಲಿಗಳು) ಮತ್ತು ಬಾಣದ ಕೀಲಿಗಳು ಒತ್ತೊತ್ತಾಗಿ ಉಳಿದುಕೊಳ್ಳುತ್ತವೆ. 65 ಶೇಕಡಾ ಮಾದರಿಯಲ್ಲಿ ಎಫ್ ಸಾಲು ಹೋಗಿ ಬಾಣಗಳು ಮಾತ್ರ ಉಳಿಯುತ್ತವೆ. 61 ಕೀಲಿಗಳ 60 ಶೇಕಡಾ ಮಾದರಿಯಲ್ಲಿ ಬಾಣಗಳೂ ಇರುವುದಿಲ್ಲ.

ಅತಿ ಅಗ್ಗದ ಮಾದರಿಗಳಲ್ಲಿ ಈ 61 ಕೀಲಿಯವೇ ಹೆಚ್ಚು ಕಾಣಸಿಗುತ್ತವೆ. ದಿನವಿಡೀ ಪಠ್ಯವನ್ನು ತಿದ್ದುವವರು, ಕೋಷ್ಟಕಗಳಲ್ಲಿ ಓಡಾಡುವವರು, ಕೋಡ್ ಬರೆಯುವವರು ಬೆಲೆ ನೋಡಿ ಅದಕ್ಕೆ ಮರುಳಾಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಸಾಲು ಮೇಲೆ ಹೋಗಲು ಪ್ರತಿ ಸಲವೂ ಎಫ್ಎನ್ ಕೀಲಿಯನ್ನು ಹಿಡಿದುಕೊಂಡು ಇನ್ನೊಂದನ್ನು ಒತ್ತಬೇಕಾದ ಕೀಲಿಮಣೆ, ಅದರ ಸ್ವಿಚ್ಚು ಎಷ್ಟೇ ಚೆನ್ನಾಗಿದ್ದರೂ, ಕೆಲಸಕ್ಕೆ ಅಡ್ಡಿಯೇ ಸರಿ. ಲೆಕ್ಕಪತ್ರದ ಕೆಲಸ ಮಾಡುವವರಿಗೆ ಪೂರ್ಣ ಗಾತ್ರ ಬೇಕು. ಉಳಿದ ಹೆಚ್ಚಿನವರಿಗೆ 87 ಕೀಲಿಗಳ ಮಾದರಿ ಸರಿಹೊಂದುತ್ತದೆ: ಯಾವ ಕೀಲಿಯನ್ನೂ ಹುಡುಕಬೇಕಾಗಿಲ್ಲ, ಮೌಸ್ ಸಹ ಕೈಗೆ ಹತ್ತಿರ ಬರುವುದರಿಂದ ಬಲ ತೋಳನ್ನು ಹೊರಕ್ಕೆ ಚಾಚಿಕೊಂಡು ಕೂರುವ ಆಯಾಸ ತಪ್ಪುತ್ತದೆ. ಅಪರೂಪಕ್ಕೆ ಅಂಕಿಗಳ ಗುಂಪು ಬೇಕೆನಿಸಿದರೆ ಅದನ್ನು ಪ್ರತ್ಯೇಕವಾಗಿ ಮುಂದೆ ಕೊಳ್ಳಬಹುದು.

ಗಾತ್ರದ ಜೊತೆಗೇ ಕೆಳಗಿನ ಸಾಲಿನ ಕೀಲಿಗಳ ಅಗಲವನ್ನೂ ನೋಡಿಕೊಳ್ಳಬೇಕು. ಸಾಮಾನ್ಯ ಅಕ್ಷರದ ಕೀಲಿಯನ್ನು ಒಂದು ಘಟಕ ಎಂದು ಎಣಿಸಿದರೆ, ಆನ್ಸಿ ಎಂದು ಕರೆಯುವ ಪ್ರಚಲಿತ ಅಮೆರಿಕನ್ ವಿನ್ಯಾಸದಲ್ಲಿ ಸ್ಪೇಸ್‌ಬಾರ್ 6.25 ಘಟಕ, ಅದರ ಅಕ್ಕಪಕ್ಕದ ಕಂಟ್ರೋಲ್, ಆಲ್ಟ್ ಮೊದಲಾದವು ತಲಾ 1.25 ಘಟಕ ಇರುತ್ತವೆ. ಈ ಅಳತೆ ತಪ್ಪಿದ ಕೀಲಿಮಣೆಗೆ ಮುಂದೆ ಬದಲಿ ಕೀಕ್ಯಾಪ್‌ಗಳ, ಅಂದರೆ ಕೀಲಿಯ ಮೇಲೆ ಕೂರುವ ಅಕ್ಷರದ ಟೋಪಿಗಳ, ಗುಚ್ಛ ಸಿಗುವುದು ಕಷ್ಟ.

ಅದು ನಿಜವಾಗಿಯೂ ಮೆಕ್ಯಾನಿಕಲ್ ಆಗಿದೆಯೇ?

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ‘ಮೆಕ್ಯಾನಿಕಲ್ ಫೀಲ್’, ‘ಸೆಮಿ ಮೆಕ್ಯಾನಿಕಲ್’ ಎಂಬ ಹಣೆಪಟ್ಟಿ ಹೊತ್ತ ಅನೇಕ ಕೀಲಿಮಣೆಗಳ ಒಳಗಿರುವುದು ಸಾಮಾನ್ಯ ರಬ್ಬರ್ ಗುಮ್ಮಟ ಮತ್ತು ಮೆಂಬ್ರೇನ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಯೇ. ನಿಜವಾದ ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಪ್ರತಿ ಕೀಲಿಯ ಕೆಳಗೂ ತನ್ನದೇ ಸ್ಪ್ರಿಂಗ್ ಮತ್ತು ಲೋಹದ ಸಂಪರ್ಕವುಳ್ಳ ಒಂದು ಬಿಡಿ ಸ್ವಿಚ್ಚು ಇರುತ್ತದೆ. ವಿವರಣೆಯಲ್ಲಿ ಸ್ವಿಚ್ಚಿನ ತಯಾರಕರ ಹೆಸರಾಗಲಿ ಬಗೆಯಾಗಲಿ ಇಲ್ಲದಿದ್ದರೆ ಅನುಮಾನಪಡಬೇಕು. ಕೈಗೆ ಸಿಕ್ಕಾಗ ಒಂದು ಕೀಲಿಯನ್ನು ಬಹಳ ನಿಧಾನವಾಗಿ ಒತ್ತಿ ಪರದೆಯನ್ನು ಗಮನಿಸಿ. ಎಂಎಕ್ಸ್ ಮಾದರಿಯ ಸ್ವಿಚ್ಚಿನ ಒಟ್ಟು ಚಲನೆ ಸುಮಾರು 4 ಮಿಲಿಮೀಟರ್ ಆಗಿದ್ದು, ಅಕ್ಷರ ಮೂಡುವುದು ಸುಮಾರು 2 ಮಿಲಿಮೀಟರಿಗೇ, ಅಂದರೆ ಅರ್ಧದಾರಿಯಲ್ಲೇ. ಮೆಂಬ್ರೇನ್ ಕೀಲಿಮಣೆಯಲ್ಲಾದರೋ ಗುಮ್ಮಟ ಪೂರ್ತಿ ಕುಸಿದು ಕೀಲಿ ತಳ ಮುಟ್ಟುವ ಹೊತ್ತಿಗೆ ಅಕ್ಷರ ಮೂಡುತ್ತದೆ.

ಸ್ವಿಚ್ಚಿನ ಬಗೆ

ಸ್ವಿಚ್ಚುಗಳಲ್ಲಿ ಮೂರು ಮುಖ್ಯ ಬಗೆಗಳಿವೆ. ಲೀನಿಯರ್ ಸ್ವಿಚ್ಚು ಮೇಲಿನಿಂದ ಕೆಳಗಿನವರೆಗೆ ಅಡೆತಡೆಯಿಲ್ಲದೆ ಜಾರುತ್ತದೆ. ಟ್ಯಾಕ್ಟೈಲ್ ಸ್ವಿಚ್ಚಿನಲ್ಲಿ ನಡುವೆ ಒಂದು ಸಣ್ಣ ಉಬ್ಬು ಬೆರಳಿಗೆ ಗೊತ್ತಾಗುತ್ತದೆ. ಕ್ಲಿಕಿ ಸ್ವಿಚ್ಚಿನಲ್ಲಿ ಆ ಉಬ್ಬಿನ ಜೊತೆಗೆ ಟಕ್ಕೆಂಬ ಸದ್ದೂ ಕೇಳುತ್ತದೆ. ಚೆರ್ರಿಯ ಪ್ರಸಿದ್ಧ ಬಣ್ಣಗಳಲ್ಲಿ ಕೆಂಪು ಲೀನಿಯರ್, ಕಂದು ಟ್ಯಾಕ್ಟೈಲ್, ನೀಲಿ ಕ್ಲಿಕಿ. ಒತ್ತಲು ಬೇಕಾದ ಬಲ ಕೆಂಪಿಗೆ ಸುಮಾರು 45 ಸೆಂಟಿನ್ಯೂಟನ್ ಇದ್ದರೆ, ಕಂದಿನ ಉಬ್ಬು ದಾಟಲು ಸುಮಾರು 55, ನೀಲಿಯದಕ್ಕೆ ಸುಮಾರು 60 ಬೇಕು. ಒಂದು ಸೆಂಟಿನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಗ್ರಾಂ ಭಾರ ಎಂದು ಭಾವಿಸಿಕೊಂಡರೆ ಈ ಅಂಕಿಗಳು ಬೆರಳಿಗೆ ಅರ್ಥವಾಗುತ್ತವೆ. ಬೇರೆ ತಯಾರಕರೂ ಇದೇ ಬಣ್ಣಗಳನ್ನು ಸಾಮಾನ್ಯವಾಗಿ ಅನುಸರಿಸುತ್ತಾರಾದರೂ ಬಲದ ಪ್ರಮಾಣ ಅವರವರದೇ ಆಗಿರುತ್ತದೆ. ಆದ್ದರಿಂದ ಬಣ್ಣವನ್ನಷ್ಟೇ ನಂಬದೆ ಅಂಕಿಯನ್ನೂ ಓದಬೇಕು.

ಒಂದೇ ಕೋಣೆಯಲ್ಲಿ ಇತರರೊಡನೆ ಇರುವವರು, ದೂರವಾಣಿ ಸಭೆಗಳಲ್ಲಿ ಭಾಗವಹಿಸುವವರು ನೀಲಿಯನ್ನು ದಯವಿಟ್ಟು ಬಿಟ್ಟುಬಿಡಿ. ಆ ಸದ್ದು ಸ್ವಿಚ್ಚಿನೊಳಗೇ ಹುಟ್ಟುವುದರಿಂದ ಬೆರಳನ್ನು ಎಷ್ಟೇ ಮೃದುವಾಗಿ ಇಟ್ಟರೂ ಅದು ತಗ್ಗುವುದಿಲ್ಲ. ಗಟ್ಟಿಯಾಗಿ ಕುಟ್ಟಿ ಬರೆಯುವ ಅಭ್ಯಾಸವಿದ್ದವರಿಗೆ ಹಗುರ ಲೀನಿಯರ್ ಸ್ವಿಚ್ಚಿನಲ್ಲಿ ಆರಂಭದಲ್ಲಿ ತಪ್ಪು ಅಕ್ಷರಗಳು ಬೀಳುವುದುಂಟು. ಅಂಥವರಿಗೆ ಕಂದು, ಇಲ್ಲವೇ ಸ್ವಲ್ಪ ಭಾರದ ಲೀನಿಯರ್ ಹೊಂದುತ್ತದೆ. ಸಾಧ್ಯವಿದ್ದರೆ ಯಾರದಾದರೂ ಕೀಲಿಮಣೆಯ ಮೇಲೆ ಒಂದೆರಡು ಪುಟ ಬರೆದು ನೋಡಿ ತೀರ್ಮಾನಿಸುವುದು ಉತ್ತಮ, ಏಕೆಂದರೆ ಒಂದು ಕೀಲಿಯನ್ನು ಹತ್ತು ಸಲ ಒತ್ತಿದಾಗ ಹಿತವೆನಿಸಿದ್ದು ಒಂದು ಗಂಟೆಯ ಬರವಣಿಗೆಯಲ್ಲಿ ಹಾಗೆಯೇ ಇರಬೇಕೆಂದಿಲ್ಲ.

ಹಾಟ್‌ಸ್ವಾಪ್ ಇದ್ದರೆ ತಪ್ಪು ಆಯ್ಕೆಯೂ ತಿದ್ದಿಕೊಳ್ಳಬಹುದು

ಇಷ್ಟೆಲ್ಲ ಯೋಚಿಸಿ ಆರಿಸಿದ ಸ್ವಿಚ್ಚು ಒಗ್ಗದೆ ಹೋದರೆ ಏನು ಮಾಡುವುದು? ಇಲ್ಲಿಯೇ ಹಾಟ್‌ಸ್ವಾಪ್ ಸೌಲಭ್ಯದ ನಿಜವಾದ ಬೆಲೆ ತಿಳಿಯುವುದು. ಸಾಮಾನ್ಯ ಕೀಲಿಮಣೆಯಲ್ಲಿ ಸ್ವಿಚ್ಚುಗಳನ್ನು ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಹಾಟ್‌ಸ್ವಾಪ್ ಇರುವಲ್ಲಿ ಅವು ಸಾಕೆಟ್ಟಿನಲ್ಲಿ ಕುಳಿತಿರುತ್ತವೆ, ಸಣ್ಣ ಇಕ್ಕಳದಿಂದ ಎಳೆದು ತೆಗೆಯಬಹುದು. ಒಂದು ಸ್ವಿಚ್ಚು ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು, ಇಡೀ ಕೀಲಿಮಣೆಯ ಸ್ವಭಾವವೇ ಹಿಡಿಸದಿದ್ದರೆ ಸ್ವಿಚ್ಚುಗಳನ್ನಷ್ಟೇ ಬೇರೆ ಕೊಳ್ಳಬಹುದು. ಬಿಗಿ ಬಜೆಟ್ಟಿನಲ್ಲಿ ಒಂದೇ ಒಂದು ಹೆಚ್ಚುವರಿ ಸೌಲಭ್ಯಕ್ಕೆ ಹಣ ಕೊಡಬಹುದಾದರೆ ನಾನು ಇದಕ್ಕೇ ಕೊಡುತ್ತೇನೆ.

ಆದರೆ ವಿವರ ಓದಿ ಕೊಳ್ಳಬೇಕು. ಅಗ್ಗದ ಕೆಲವು ಕೀಲಿಮಣೆಗಳ ಸಾಕೆಟ್ಟುಗಳು ಔಟೆಮು ಬಗೆಯ ತೆಳು ಪಿನ್ನಿನ ಸ್ವಿಚ್ಚುಗಳನ್ನು ಮಾತ್ರ ಸ್ವೀಕರಿಸುತ್ತವೆ. ಬೇರೆ ಸ್ವಿಚ್ಚನ್ನು ಬಲವಂತವಾಗಿ ತುರುಕಿದರೆ ಸಾಕೆಟ್ಟೇ ಹಾಳಾಗುತ್ತದೆ. ಇನ್ನೊಂದು ಭೇದ ಮೂರು ಪಿನ್ ಮತ್ತು ಐದು ಪಿನ್ನಿನದು. ಐದರಲ್ಲಿ ಎರಡು ಬರಿಯ ಪ್ಲಾಸ್ಟಿಕ್ ಕಾಲುಗಳಾದ್ದರಿಂದ ಅವುಗಳನ್ನು ಕತ್ತರಿಸಿ ಮೂರು ಪಿನ್ನಿನ ಬೋರ್ಡಿನಲ್ಲಿ ಕೂರಿಸಬಹುದು. ಹಾಗಾಗಿ ಇದು ದೊಡ್ಡ ಅಡ್ಡಿಯಲ್ಲ.

ಸ್ಟೆಬಿಲೈಸರ್ ಮತ್ತು ಕೀಕ್ಯಾಪ್

ಸ್ಪೇಸ್‌ಬಾರ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್‌ನಂತಹ ಉದ್ದ ಕೀಲಿಗಳ ಕೆಳಗೆ ಅವು ವಾಲದಂತೆ ಹಿಡಿಯುವ ತಂತಿಯ ಚೌಕಟ್ಟೊಂದು, ಅಂದರೆ ಸ್ಟೆಬಿಲೈಸರ್, ಇರುತ್ತದೆ. ಅಗ್ಗದ ಕೀಲಿಮಣೆ ತನ್ನ ಅಗ್ಗತನವನ್ನು ತೋರಿಸುವುದು ಹೆಚ್ಚಾಗಿ ಇಲ್ಲಿಯೇ. ಸ್ಪೇಸ್‌ಬಾರಿನ ಎರಡು ತುದಿಗಳನ್ನೂ ಒಂದೊಂದಾಗಿ ಒತ್ತಿ ನೋಡಿ: ಗಲಗಲ ಸದ್ದು ಬಂದರೆ ತಂತಿಗೆ ಗ್ರೀಸ್ ಇಲ್ಲವೆಂದು ಅರ್ಥ, ಅದನ್ನು ಮನೆಯಲ್ಲೇ ಸರಿಪಡಿಸಬಹುದು, ಕೀಲಿ ಸಿಕ್ಕಿಕೊಂಡು ನಿಧಾನವಾಗಿ ಮೇಲೇಳುತ್ತಿದ್ದರೆ ಮಾತ್ರ ಆ ಮಾದರಿಯನ್ನು ಕೊಳ್ಳದಿರುವುದು ಮೇಲು.

ಕೀಕ್ಯಾಪ್‌ಗಳನ್ನು ಎಬಿಎಸ್ ಅಥವಾ ಪಿಬಿಟಿ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಎಬಿಎಸ್ ಬಳಸುತ್ತ ಹೋದಂತೆ ನುಣುಪಾಗಿ ಹೊಳೆಯತೊಡಗುತ್ತದೆ, ಪಿಬಿಟಿ ಆ ಸವೆತವನ್ನು ಹೆಚ್ಚು ಕಾಲ ತಡೆದುಕೊಳ್ಳುತ್ತದೆ. ಮೇಲ್ಮೈಗೆ ಬರೇ ಬಣ್ಣದಿಂದ ಮುದ್ರಿಸಿದ ಅಕ್ಷರಗಳು ಅಳಿಸಿಹೋಗುತ್ತವೆ. ಎರಡು ಪ್ಲಾಸ್ಟಿಕ್ಕುಗಳನ್ನು ಒಂದರೊಳಗೊಂದು ಎರಕಹೊಯ್ದ ಡಬಲ್‌ಶಾಟ್ ಅಕ್ಷರಗಳು ಅಳಿಸುವುದಿಲ್ಲ. ಪಿಬಿಟಿ ಸಿಕ್ಕರೆ ಸಂತೋಷ. ಸಿಗದಿದ್ದರೆ ಅದಕ್ಕಾಗಿ ಹಾಟ್‌ಸ್ವಾಪನ್ನು ಬಿಟ್ಟುಕೊಡಬೇಡಿ, ಕೀಕ್ಯಾಪ್ ಮುಂದೆಯೂ ಬದಲಾಯಿಸಬಹುದಾದ ವಸ್ತು.

ಬಿಟ್ಟುಬಿಡಬಹುದಾದವು

ಬಣ್ಣಬಣ್ಣದ ದೀಪ, ಧ್ವನಿಯನ್ನು ಹೆಚ್ಚುಕಡಿಮೆ ಮಾಡುವ ಗುಂಡಿ, ಪುಟ್ಟ ಪರದೆ ಇವೆಲ್ಲ ಬೆಲೆ ಏರಿಸುತ್ತವೆ, ಬರವಣಿಗೆಯನ್ನು ಉತ್ತಮಪಡಿಸುವುದಿಲ್ಲ. ನಿಸ್ತಂತು ಸಂಪರ್ಕವೂ ಮೇಜಿನ ಮುಂದೆಯೇ ಕೂತು ಕೆಲಸ ಮಾಡುವವರಿಗೆ ಅನಗತ್ಯ: ಅದಕ್ಕೆ ಬೇಕಾದ ಬ್ಯಾಟರಿ ಮತ್ತು ರೇಡಿಯೊ ಭಾಗಗಳ ಖರ್ಚು ನಮ್ಮ ಮೇಲೆಯೇ ಬೀಳುತ್ತದೆ, ಬ್ಯಾಟರಿ ವರ್ಷಗಳು ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ. ತಂತಿಯಿರುವ ಮಾದರಿಯನ್ನೇ ಆರಿಸಿ, ಆದರೆ ತಂತಿ ಬಿಚ್ಚಿ ತೆಗೆಯುವಂತಿರಲಿ, ಯುಎಸ್‌ಬಿ ಸಿ ಬಗೆಯದಾಗಿರಲಿ. ಬಳಕೆಯಲ್ಲಿ ಬೇಗ ಸೋಲುವುದು ತಂತಿಯ ಬುಡವೇ. ಬಿಚ್ಚುವಂತಿದ್ದರೆ ತಂತಿ ಮಾತ್ರ ಬದಲಾಯಿಸಿದರಾಯಿತು.

ಸೆಕೆಂಡಿಗೆ 1000 ಸಲ ಕಂಪ್ಯೂಟರಿಗೆ ಮಾಹಿತಿ ಕಳಿಸುತ್ತದೆ ಎಂಬಂತಹ ಘೋಷಣೆಗಳು ಬೆರಳಚ್ಚಿಸುವವರಿಗೆ ಮುಖ್ಯವಲ್ಲ. ಕೀಲಿಗಳ ಕೆಲಸವನ್ನು ಬದಲಾಯಿಸಲು ನೆರವಾಗುವ ತಂತ್ರಾಂಶಗಳಾದ ಕ್ಯೂಎಂಕೆ ಅಥವಾ ವಿಯಾ ಬೆಂಬಲವಿದೆ ಎಂದು ಬರೆದಿದ್ದರೆ ಮಾತ್ರ ಗಮನಿಸಿ: ಕೀಲಿಗಳ ಸ್ಥಾನಪಲ್ಲಟವನ್ನು ಕೀಲಿಮಣೆಯ ಒಳಗೇ ಉಳಿಸಿಡಲು ಅವು ಅವಕಾಶ ಕೊಡುವುದರಿಂದ, ಯಾವ ಕಂಪ್ಯೂಟರಿಗೆ ಜೋಡಿಸಿದರೂ ಅದು ನಿಮ್ಮ ರೂಢಿಯಂತೆಯೇ ನಡೆದುಕೊಳ್ಳುತ್ತದೆ.

ಮನೆಗೆ ಬಂದ ಮೇಲೆ

ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಮುಗಿಯಬೇಕು. ಖಾಲಿ ದಾಖಲೆಯೊಂದನ್ನು ತೆರೆದು ಪ್ರತಿ ಕೀಲಿಯನ್ನೂ ಹಲವು ಸಲ, ಮೃದುವಾಗಿಯೂ ವೇಗವಾಗಿಯೂ ಒತ್ತಿ. ಒಂದು ಸಲ ಒತ್ತಿದಾಗ ಎರಡು ಅಕ್ಷರ ಮೂಡಿದರೆ ಆ ಸ್ವಿಚ್ಚಿನ ಸಂಪರ್ಕದಲ್ಲಿ ದೋಷವಿದೆ. ಎರಡೂ ಶಿಫ್ಟ್‌ಗಳನ್ನು ಒಟ್ಟಿಗೆ ಹಿಡಿದು ಉಳಿದ ಅಕ್ಷರಗಳನ್ನು ಒತ್ತಿ ನೋಡಿ. ಕೆಲವು ಅಕ್ಷರ ಬಾರದಿದ್ದರೆ ಒಳಗಿನ ಜೋಡಣೆಯಲ್ಲಿ ಮಿತವ್ಯಯ ಅತಿಯಾಗಿದೆ ಎಂದು ತಿಳಿಯಬೇಕು. ಬಳಸಿದ ಕೀಲಿಮಣೆ ಕೊಳ್ಳುವವರಿಗೆ ಈ ಪರೀಕ್ಷೆ ಇನ್ನೂ ಅಗತ್ಯ, ಅದರಲ್ಲೂ ಸ್ವಿಚ್ಚುಗಳು ಬೆಸುಗೆಯಲ್ಲಿದ್ದರೆ. ಮೇಲಿನ ಕೊಳೆಗೆ ಹೆದರಬೇಕಿಲ್ಲ. ಕೀಕ್ಯಾಪ್‌ಗಳನ್ನು ಕಿತ್ತು ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಕೂರಿಸಿದರೆ ಸಾಕು.

ಸದ್ದು ಟೊಳ್ಳಾಗಿ ಕೇಳಿಸಿದರೆ ಮೊದಲು ಕೀಲಿಮಣೆಯ ಕೆಳಗೆ ದಪ್ಪ ಬಟ್ಟೆಯನ್ನು ಹಾಸಿ ನೋಡಿ. ಖರ್ಚೇ ಇಲ್ಲದ ಈ ಉಪಾಯ ಅಚ್ಚರಿಪಡುವಷ್ಟು ಫಲ ಕೊಡುತ್ತದೆ. ಸ್ಟೆಬಿಲೈಸರ್ ಗಲಗಲ ಎನ್ನುತ್ತಿದ್ದರೆ ಕೀಕ್ಯಾಪ್ ತೆಗೆದು, ತಂತಿಯ ತುದಿಗಳು ಪ್ಲಾಸ್ಟಿಕ್ಕನ್ನು ಮುಟ್ಟುವ ಜಾಗಕ್ಕೆ ದಪ್ಪನೆಯ, ವಿದ್ಯುತ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸನ್ನು ಸಣ್ಣ ಕುಂಚದಿಂದ ಮಿತವಾಗಿ ಹಚ್ಚಿ. ಯಂತ್ರಗಳಿಗೆ ಸಿಂಪಡಿಸುವ ತೆಳು ಎಣ್ಣೆಯನ್ನು ಎಂದೂ ಬಳಸಬೇಡಿ. ಅದು ಹರಿದು ಸ್ವಿಚ್ಚಿನೊಳಗಿನ ಲೋಹದ ಸಂಪರ್ಕಗಳಿಗೆ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್ಕನ್ನೂ ಕೆಡಿಸಬಹುದು.

ಬಿಡಿ ಸ್ವಿಚ್ಚುಗಳನ್ನು ಎರಡು ಮೂರಾದರೂ ಎತ್ತಿಟ್ಟುಕೊಳ್ಳುವುದು ಒಳ್ಳೆಯದು. ಅವು ಕೈಯಲ್ಲಿಲ್ಲದ ಹೊತ್ತಿನಲ್ಲಿ ಮುಖ್ಯ ಅಕ್ಷರವೊಂದು ಕೈಕೊಟ್ಟರೆ, ಹಾಟ್‌ಸ್ವಾಪ್ ಕೀಲಿಮಣೆಯಲ್ಲಿ ಸ್ಕ್ರೋಲ್ ಲಾಕ್‌ನಂತಹ ಯಾರೂ ಮುಟ್ಟದ ಕೀಲಿಯ ಸ್ವಿಚ್ಚನ್ನು ಕಿತ್ತು ಅಲ್ಲಿಗೆ ಕೂರಿಸಿ, ಕೆಟ್ಟದ್ದನ್ನು ಅದರ ಜಾಗಕ್ಕೆ ಹಾಕಿ ಕೆಲಸ ಮುಂದುವರಿಸಬಹುದು. ಕೂರಿಸುವಾಗ ಕೆಳಗಿನ ಎರಡು ಲೋಹದ ಪಿನ್ನುಗಳು ನೆಟ್ಟಗಿವೆಯೇ ಎಂದು ನೋಡಿಕೊಳ್ಳಿ. ಬಾಗಿದ್ದರೆ ಇಕ್ಕಳದಿಂದ ಮೆಲ್ಲನೆ ನೆಟ್ಟಗೆ ಮಾಡಿ, ಆಮೇಲೆ ಒತ್ತಿ.