ಸಕ್ಕರೆ ತುಪ್ಪದ ಕಾಲುವೆ: ಹಾಡಿನ ಹೆಸರು ಹೊತ್ತವರಿಗೊಂದು ಕೇಕ್

ಭಾಗ್ಯಲಕ್ಷ್ಮಿ ಎಂಬ ಹೆಸರು ಹೊತ್ತು ಕನ್ನಡ ಶಾಲೆಯಲ್ಲಿ ಓದಿದವರಿಗೆ ಹಾಜರಿ ಕರೆಯುವ ಹೊತ್ತು ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಬದಿಯಡ್ಕದ ಸಮೀಪದ ನಮ್ಮ ಶಾಲೆಯಲ್ಲಿ ಮಾಷ್ಟ್ರು ನನ್ನ ಹೆಸರನ್ನು ಪೂರ್ತಿ ಉಚ್ಚರಿಸುವ ಮೊದಲೇ ಹಿಂದಿನ ಬೆಂಚಿನಿಂದ ‘ಬಾರಮ್ಮಾ’ ಎಂದು ರಾಗವಾಗಿ ಕೇಳಿಬರುತ್ತಿತ್ತು. ಈಗ ಕಾಸರಗೋಡು ಪೇಟೆಯ ಕಚೇರಿಯಲ್ಲಿ ಮಲಯಾಳ ಮಾತಾಡುವ ಸಹೋದ್ಯೋಗಿಗಳು ಸಾಹಿತ್ಯ ತಿಳಿಯದೆಯೂ ಅದೇ ಧಾಟಿಯನ್ನು ಗುನುಗುತ್ತಾರೆ. ಮುನಿಸಿಕೊಂಡು ಪ್ರಯೋಜನವಿಲ್ಲವೆಂದು ಅರಿವಾದ ಮೇಲೆ, ಹುಟ್ಟುಹಬ್ಬದ ದಿನ ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಎಂಬ ಆ ಹಾಡಿನ ಗೌರವಕ್ಕೆಂದೇ ಒಂದು ಕೇಕ್ ಮಾಡುವ ರೂಢಿ ಹಾಕಿಕೊಂಡೆ. ಅದನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಸಾದಾ ಕೇಕಿನ ಮೇಲೆ ಕೆನೆಯಿಂದ ಹಾಡಿನ ಮೊದಲ ಸಾಲನ್ನು ಬರೆದೆ. ಸೆಕೆಗೆ ಅಕ್ಷರಗಳು ಕರಗಿ ‘ಬಾರಮ್ಮ’ ಎಂಬುದು ತಟ್ಟೆಯ ಅಂಚಿಗೆ ಜಾರಿತು. ಹಾಡನ್ನು ಕೇಕಿನ ಮೇಲೆ ಬರೆಯುವುದಕ್ಕಿಂತ ಅದರ ಸಾಹಿತ್ಯವನ್ನು ಕೊನೆಯ ನುಡಿಯವರೆಗೆ ಓದಿ, ಅಲ್ಲಿರುವುದನ್ನು ಕೇಕಿನೊಳಗೆ ಇಳಿಸುವುದೇ ಸರಿಯಾದ ಕ್ರಮವೆಂದು ಆಮೇಲೆ ಹೊಳೆಯಿತು. ಪುರಂದರದಾಸರ ಈ ಕೃತಿಯಲ್ಲಿ ಅಡುಗೆಮನೆಗೆ ಬೇಕಾದ ಸಾಮಗ್ರಿಗೆ ಕೊರತೆಯೇ ಇಲ್ಲ. ಲಕ್ಷ್ಮಿ ಮಜ್ಜಿಗೆಯೊಳಗಿನ ಬೆಣ್ಣೆಯಂತೆ ಬರಬೇಕು, ಹೆಜ್ಜೆಯ ಮೇಲೊಂದು ಹೆಜ್ಜೆಯಿಟ್ಟು ಬರಬೇಕು, ಕನಕವೃಷ್ಟಿಯನ್ನು ಕರೆಯುತ್ತ ಬರಬೇಕು. ಕಡೆಯ ನುಡಿಯಲ್ಲಂತೂ ಶುಕ್ರವಾರದ ಪೂಜೆಯ ವೇಳೆಗೆ ಸಕ್ಕರೆ ತುಪ್ಪದ ಕಾಲುವೆಯೇ ಹರಿಯುತ್ತದೆ. ಮಜ್ಜಿಗೆ, ತುಪ್ಪ, ಸಕ್ಕರೆ ಮೂರೂ ಸಿಕ್ಕಿದ ಮೇಲೆ ಹಿಟ್ಟೊಂದನ್ನು ಸೇರಿಸಿಕೊಳ್ಳುವುದು ಮಾತ್ರ ನಮ್ಮ ಪಾಲಿನ ಕೆಲಸ.

ಬೇರೆ ಹೆಸರಿನವರೂ ಇದೇ ದಾರಿಯಲ್ಲಿ ನಡೆಯಬಹುದು, ಆದರೆ ಸಾಹಿತ್ಯವನ್ನು ಓದದೆ ಊಹೆಯ ಮೇಲೆ ಹೊರಡಬಾರದು. ಕೃಷ್ಣ ಎಂಬ ಹೆಸರಿನವರು ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಕೃತಿಯನ್ನು ಆರಿಸಿಕೊಂಡು ಬೆಣ್ಣೆ ಬಿಸ್ಕತ್ತು ಮಾಡಹೊರಟರೆ, ಆ ಹಾಡಿನಲ್ಲಿ ಬೆಣ್ಣೆಯ ಮಾತೇ ಇಲ್ಲವೆಂದು ಯಾರಾದರೂ ಎತ್ತಿ ತೋರಿಸಿಯಾರು. ಅಲ್ಲಿರುವುದು ಪೀತಾಂಬರ, ಕೊಳಲು, ಮತ್ತು ತಾಯಿಗೆ ಬಾಯಲ್ಲಿ ಮೂಜಗವನ್ನೇ ತೋರಿದ ಪ್ರಸಂಗ. ಹೊರಗೆ ಹಳದಿ ಬಣ್ಣವಿದ್ದು, ಕಚ್ಚಿದಾಗ ಒಳಗಿನ ಹೂರಣ ಕಾಣಿಸುವ ಬನ್ನು ಅದಕ್ಕೆ ಹೆಚ್ಚು ಒಪ್ಪುತ್ತದೆ. ವಿಠಲ ಎಂಬ ಹೆಸರಿನವರ ಅದೃಷ್ಟವೇ ಬೇರೆ: ವಿಠಲನಾಮವನ್ನೇ ತುಪ್ಪವೆಂದು ಬೆರೆಸುವ ‘ರಾಮನಾಮ ಪಾಯಸಕ್ಕೆ’ ಎಂಬ ಪದದಲ್ಲಿ ದಾಸರು ಗೋಧಿ ಬೀಸುವುದರಿಂದ ಹಿಡಿದು ಶಾವಿಗೆ ಹೊಸೆಯುವವರೆಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ.

ಇನ್ನು ನನ್ನ ಕೇಕಿನ ವಿಷಯ. ಇಪ್ಪತ್ತು ಸೆಂಟಿಮೀಟರಿನ ಚೌಕ ಪಾತ್ರೆಯೊಂದಕ್ಕೆ 150 ಗ್ರಾಂ ಮೈದಾ, 50 ಗ್ರಾಂ ಸಣ್ಣ ರವೆ, 150 ಗ್ರಾಂ ಪುಡಿ ಮಾಡಿದ ಸಕ್ಕರೆ, 100 ಗ್ರಾಂ ತುಪ್ಪ, 240 ಮಿಲಿಲೀಟರ್ ದಪ್ಪ ಹುಳಿ ಮಜ್ಜಿಗೆ, ಅರ್ಧ ಟೀ ಚಮಚ ಅಡುಗೆ ಸೋಡಾ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಮತ್ತು ನಾಲ್ಕು ಏಲಕ್ಕಿಯ ಪುಡಿ ಬೇಕು. ಮೊಟ್ಟೆ ಹಾಕುವುದಿಲ್ಲ, ಶುಕ್ರವಾರದ ಹಾಡಿಗೆ ಅದು ಸಲ್ಲದು. ಮೇಲಿನ ಪಾಕಕ್ಕೆ ಪ್ರತ್ಯೇಕವಾಗಿ 100 ಗ್ರಾಂ ಸಕ್ಕರೆ, 60 ಮಿಲಿಲೀಟರ್ ನೀರು, ಎರಡು ದೊಡ್ಡ ಚಮಚ ತುಪ್ಪವನ್ನೂ, ಉದುರಿಸಲು ಒಂದು ಹಿಡಿ ತೆಂಗಿನ ತುರಿಯನ್ನೂ ತೆಗೆದಿಟ್ಟುಕೊಳ್ಳಬೇಕು.

ತುಪ್ಪದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಾಸರಗೋಡು ಗಿಡ್ಡ ತಳಿಯ ಹಸು ಸಾಕುವವರಿಗೆ ಗೊತ್ತಿರುವಂತೆ ಅದರ ಹಾಲು ಕಡಿಮೆ. ನೂರು ಗ್ರಾಂ ತುಪ್ಪಕ್ಕೆ ಸಾಲುವಷ್ಟು ಬೆಣ್ಣೆ ಕೂಡಿಡಲು ಹಲವು ದಿನಗಳೇ ಹಿಡಿಯುತ್ತವೆ, ಹಾಗಾಗಿ ಕೇಕಿನ ತಯಾರಿ ನಮ್ಮಲ್ಲಿ ವಾರಕ್ಕೆ ಮೊದಲೇ ಶುರುವಾಗುತ್ತದೆ. ಬೆಣ್ಣೆ ಕಡೆದ ಮಜ್ಜಿಗೆಯನ್ನೇ ಕೇಕಿಗೂ ಬಳಸುವುದಾದರೆ ನೀರು ಬೆರೆಸುವ ಮೊದಲೇ ತೆಗೆದಿಡಬೇಕು. ಬೆಣ್ಣೆಯಲ್ಲಿ ನೀರಿನ ಅಂಶ ಇರುತ್ತದೆ, ಚೆನ್ನಾಗಿ ಕಾಸಿದ ತುಪ್ಪದಲ್ಲಿ ಇರುವುದಿಲ್ಲ. ಆದ್ದರಿಂದ ಬೇರೆ ಕೇಕುಗಳ ಅಳತೆಯಲ್ಲಿ ನೂರು ಗ್ರಾಂ ಬೆಣ್ಣೆ ಇದ್ದಲ್ಲಿ ಎಂಬತ್ತು ಗ್ರಾಂ ತುಪ್ಪ ಸಾಕಾಗುತ್ತದೆ. ಕರಗಿದ ತುಪ್ಪವನ್ನು ಎಷ್ಟು ಕಡೆದರೂ ಅದು ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಏಪ್ರಿಲ್ ತಿಂಗಳಿನ ತುಪ್ಪವೆಂದರೆ ಎಣ್ಣೆಯೇ. ಅದನ್ನು ಫ್ರಿಜ್ಜಿನಲ್ಲಿಟ್ಟು, ಬೆರಳಿನಿಂದ ಒತ್ತಿದಾಗ ಗುಳಿ ಬೀಳುವಷ್ಟು ಹರಳುಗಟ್ಟಿದ ಮೇಲೆ ಹೊರತೆಗೆಯಬೇಕು.

ಮೊದಲು ರವೆಯನ್ನು 100 ಮಿಲಿಲೀಟರ್ ಮಜ್ಜಿಗೆಯಲ್ಲಿ ಇಪ್ಪತ್ತು ನಿಮಿಷ ನೆನೆಯಲು ಬಿಡಬೇಕು. ಅಷ್ಟರಲ್ಲಿ ಮೈದಾ, ಸೋಡಾ, ಬೇಕಿಂಗ್ ಪೌಡರ್, ಉಪ್ಪು ಮತ್ತು ಏಲಕ್ಕಿಯನ್ನು ಎರಡು ಸಲ ಜರಡಿ ಹಿಡಿದು, ಓವನ್ನನ್ನು 170 ಡಿಗ್ರಿಗೆ ಕಾಯಲು ಇಡಬೇಕು. ಪಾತ್ರೆಯ ತಳಕ್ಕೆ ನಾನು ಕಾಗದ ಹಾಕುವುದಿಲ್ಲ; ಕಡುಬಿಗೆ ಮಾಡುವಂತೆ ಬೆಂಕಿಯ ಮೇಲೆ ಬಾಡಿಸಿದ ಬಾಳೆಲೆಯನ್ನು ಹಾಸಿ ತುಪ್ಪ ಸವರುತ್ತೇನೆ. ಕೇಕ್ ಅಂಟದೆ ಬಿಡುತ್ತದೆ, ತಳಕ್ಕೆ ಎಲೆಯ ಗೀರುಗಳ ಅಚ್ಚೂ ಬೀಳುತ್ತದೆ.

ತುಪ್ಪ ಮತ್ತು ಸಕ್ಕರೆಯನ್ನು ಮಿಶ್ರಣವು ಬೆಳ್ಳಗೆ ಹಗುರವಾಗುವವರೆಗೆ, ಕೈಯಿಂದಾದರೆ ಹತ್ತು ನಿಮಿಷ, ಕಡೆದು ನೆನೆದ ರವೆಯನ್ನು ಸೇರಿಸಬೇಕು. ಮುಂದಿನದು ಹೆಜ್ಜೆಯ ಮೇಲೊಂದು ಹೆಜ್ಜೆ: ಹಿಟ್ಟನ್ನು ಮೂರು ಪಾಲು, ಉಳಿದ ಮಜ್ಜಿಗೆಯನ್ನು ಎರಡು ಪಾಲು ಮಾಡಿ, ಹಿಟ್ಟಿನಿಂದ ಆರಂಭಿಸಿ ಹಿಟ್ಟಿನಲ್ಲೇ ಮುಗಿಯುವಂತೆ ಒಂದಾದ ಮೇಲೊಂದರಂತೆ ಬೆರೆಸಬೇಕು. ಮಜ್ಜಿಗೆಯನ್ನು ಒಮ್ಮೆಗೇ ಸುರಿದರೆ ತುಪ್ಪ ಒಡೆದು ಕಾಳುಕಾಳಾಗುತ್ತದೆ. ಮಜ್ಜಿಗೆಯ ಹುಳಿ ತಾಗಿದ ಕ್ಷಣದಿಂದ ಸೋಡಾ ಗಾಳಿ ಬಿಡತೊಡಗುವುದರಿಂದ ಆ ಮೇಲೆ ಫೋನಿನಲ್ಲಿ ಮಾತಾಡುತ್ತ ನಿಲ್ಲುವಂತಿಲ್ಲ. ಹತ್ತು ನಿಮಿಷದೊಳಗೆ ಪಾತ್ರೆ ಓವನ್ನಿನೊಳಗಿರಬೇಕು. ಮೂವತ್ತೈದರಿಂದ ನಲವತ್ತು ನಿಮಿಷಕ್ಕೆ ನಡುವೆ ಚುಚ್ಚಿದ ಕಡ್ಡಿ ಅಂಟಿಲ್ಲದೆ ಹೊರಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ, ದಪ್ಪ ತಳದ ಬಾಣಲೆಯಲ್ಲಿ ಉಪ್ಪು ಹರಡಿ ಕಾಯಿಸಿ, ಮೇಲೆ ಮುಕ್ಕಾಲಿಯಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸುವುದನ್ನೂ ಕಲಿತಿರುವುದು ಒಳ್ಳೆಯದು. ಸಮಯ ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ.

ಕಾಲುವೆ ತೋಡುವುದರಲ್ಲಿ ನಾನೊಮ್ಮೆ ಎಡವಿದ್ದೇನೆ. ಎರಡನೆಯ ವರ್ಷ ಪಾಕ ಮತ್ತು ತುಪ್ಪವನ್ನು ಒಟ್ಟಿಗೆ ಕಲಸಿ, ಕುದಿಯುತ್ತಿರುವಾಗಲೇ, ಓವನ್ನಿನಿಂದ ಆಗತಾನೆ ತೆಗೆದ ಕೇಕಿನ ಮೇಲೆ ಸುರಿದಿದ್ದೆ. ತುಪ್ಪ ಪಾಕದ ಮೇಲೆ ತೇಲುತ್ತ, ಕೊಂಚ ವಾಲಿದ ಮೇಜಿನ ಕಡೆಗೆ ಹೋಗಿ ಒಂದು ಮೂಲೆಯಲ್ಲಿ ಕೆರೆಯಾಯಿತು, ನಡುಭಾಗ ಗಂಜಿಯಂತಾಯಿತು. ಈಗ ಹದಿನೈದು ನಿಮಿಷ ಆರಿದ ಕೇಕಿನ ಮೇಲೆ, ಎರಡು ಬೆರಳಿನ ಅಂತರದಲ್ಲಿ, ಒಂದು ಸೆಂಟಿಮೀಟರ್ ಆಳಕ್ಕೆ ಚೂರಿಯಿಂದ ಉದ್ದುದ್ದ ಗೆರೆ ಕೊಯ್ದು ಬೆನ್ನಿನಿಂದ ಅಗಲಿಸುತ್ತೇನೆ. ಅಡಿಕೆ ತೋಟದಲ್ಲಿ ನೀರು ಹರಿಯುವ ಕಣಿ ಬಿಡಿಸಿದವರ ಕೈಗೆ ಇದು ಸಲೀಸು. ಸಕ್ಕರೆ ಮತ್ತು ನೀರನ್ನು ಮೂರು ನಿಮಿಷ ಕುದಿಸಿ, ಬೆರಳಿಗೆ ಅಂಟುವಂತಾಗಿ ಎಳೆ ಬರುವ ಮೊದಲೇ ಇಳಿಸಿ, ಚಮಚದಿಂದ ಗೆರೆಗಳಲ್ಲಿ ಮಾತ್ರ ಹರಿಸಬೇಕು. ಅದು ಇಂಗಿದ ಮೇಲಷ್ಟೇ, ಬೆಚ್ಚಗಿನ ತುಪ್ಪವನ್ನು ನೂಲಿನಂತೆ ಬಿಡಬೇಕು. ದಾಸರು ಸಕ್ಕರೆಯನ್ನು ಮೊದಲು, ತುಪ್ಪವನ್ನು ಆಮೇಲೆ ಹೇಳಿದ್ದು ಪ್ರಾಸಕ್ಕಾಗಿ ಇರಬಹುದು, ಆದರೆ ಕೇಕಿಗೆ ಆ ಕ್ರಮವೇ ಹೊಂದುತ್ತದೆ.

ಕನಕವೃಷ್ಟಿಗೆ ಚಿನ್ನದ ರೇಕು ತರಬೇಕಾಗಿಲ್ಲ. ತೆಂಗಿನ ತುರಿಯನ್ನು ಒಂದು ಚಮಚ ತುಪ್ಪದಲ್ಲಿ ಹೊಂಬಣ್ಣಕ್ಕೆ ಹುರಿದು ಗೆರೆಗಳ ನಡುವಿನ ದಿಣ್ಣೆಗಳ ಮೇಲೆ ಉದುರಿಸಿದರೆ ಸಾಕು.

ನೈವೇದ್ಯಕ್ಕೆ ಇಡುವುದೋ ಬಿಡುವುದೋ ಆಯಾ ಮನೆಯ ಹಿರಿಯರಿಗೆ ಬಿಟ್ಟ ವಿಚಾರ. ತುಳುವರ ಸೋಣ ತಿಂಗಳ (ಆಗಸ್ಟ್–ಸೆಪ್ಟೆಂಬರ್) ಶುಕ್ರವಾರಗಳಲ್ಲಿ ನಮ್ಮಲ್ಲಿ ಪೂಜೆ ಮುಗಿದು ಊಟವೂ ಆದ ಮೇಲೆ ಇದು ಚಾದೊಂದಿಗೆ ಹೊರಬರುತ್ತದೆ. ಹಾಡಿನ ಪ್ರಚಲಿತ ರಾಗ ಮಧ್ಯಮಾವತಿ, ಸಂಗೀತ ಕಛೇರಿಯ ಕೊನೆಯಲ್ಲಿ ಹಾಡುವಂಥದ್ದು, ಆದ್ದರಿಂದ ಕೇಕೂ ಕೊನೆಗೇ ಬರಲಿ ಎಂಬುದು ನನ್ನ ವಾದ. ಕತ್ತರಿಸುವಾಗ ಚೂರಿಯನ್ನು ಕಾಲುವೆಗಳ ಉದ್ದಕ್ಕೆ ಎಳೆಯದೆ ಅಡ್ಡಕ್ಕೆ ಎಳೆದರೆ ಪ್ರತಿ ತುಂಡಿಗೂ ಪಾಕ ಇಳಿದ ಗೆರೆಗಳು ಸಿಗುತ್ತವೆ. ಉಳಿದದ್ದನ್ನು ಎರಡು ದಿನ ಡಬ್ಬಿಯಲ್ಲಿಡಬಹುದು. ಫ್ರಿಜ್ಜಿನಲ್ಲಿಟ್ಟರೆ ತುಪ್ಪ ಹೆಪ್ಪುಗಟ್ಟಿ ಕಾಲುವೆಗಳು ಬಿಳಿಯ ಗೆರೆಗಳಾಗುತ್ತವೆ. ಹಬೆಯಲ್ಲಿ ಎರಡು ನಿಮಿಷ ಇಟ್ಟರೆ ಮತ್ತೆ ಹರಿಯತೊಡಗುತ್ತವೆ.