2 ಡಾಲರ್ ಶುಲ್ಕದ ಅಭ್ಯರ್ಥಿಗೆ ನಾನು ನಿಲುವುಪತ್ರ ಬರೆದುಕೊಟ್ಟದ್ದು

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಜನಸಂಖ್ಯೆ ಸುಮಾರು 14 ಲಕ್ಷ. ಅದರ ಶಾಸನಸಭೆಯ ಕೆಳಮನೆಯಲ್ಲಿ 400 ಸದಸ್ಯರಿದ್ದಾರೆ. 224 ಸ್ಥಾನಗಳ ನಮ್ಮ ಕರ್ನಾಟಕ ವಿಧಾನಸಭೆಯಲ್ಲಿ ಒಬ್ಬ ಶಾಸಕರ ಪಾಲಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಬಂದರೆ ಇಲ್ಲಿ ಬರುವುದು ಸುಮಾರು ಮೂರೂವರೆ ಸಾವಿರ ಜನ ಮಾತ್ರ. ಸದಸ್ಯರ ಸಂಬಳ ವರ್ಷಕ್ಕೆ 100 ಡಾಲರ್, ನಾಮಪತ್ರದ ಶುಲ್ಕ 2 ಡಾಲರ್. ಹೀಗಾಗಿ ಇಲ್ಲಿ ಚುನಾವಣೆಗೆ ನಿಲ್ಲುವವರು ಅಕ್ಕಪಕ್ಕದ ಮನೆಯವರೇ ಆಗಿರುತ್ತಾರೆ. ಮೂವತ್ತು ವರ್ಷ ಪ್ಲಂಬಿಂಗ್ ಉದ್ಯಮ ನಡೆಸಿ ನಿವೃತ್ತರಾಗಿದ್ದ ನಮ್ಮ ಬೀದಿಯ ಹಿರಿಯರೊಬ್ಬರು 2024ರ ಜೂನ್‌ನಲ್ಲಿ ರಿಪಬ್ಲಿಕನ್ ಪಕ್ಷದಿಂದ ನಾಮಪತ್ರ ಸಲ್ಲಿಸಿದರು. ಅನಂತರ, ಲೆಕ್ಕಪತ್ರದ ಕೆಲಸ ಮಾಡುವ ನನ್ನನ್ನು ಕರೆದು, ತಮ್ಮ ನಿಲುವುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದುಕೊಡಲು ಸಾಧ್ಯವೇ ಎಂದು ಕೇಳಿದರು. ಅವರು ಸಂಪ್ರದಾಯವಾದಿ, ನಾನು ಎಲ್ಲ ವಿಷಯಗಳಲ್ಲೂ ಅಲ್ಲ. ಆದರೂ ಒಪ್ಪಿಕೊಂಡೆ.

ಮೊದಲ ಕರಡನ್ನು ಒಂದೇ ಸಂಜೆಯಲ್ಲಿ ಮುಗಿಸಿದ್ದೆ. ತೆರಿಗೆ ಇಳಿಸುತ್ತೇವೆ, ಪೋಷಕರ ಹಕ್ಕನ್ನು ಕಾಪಾಡುತ್ತೇವೆ, ಸರ್ಕಾರದ ಗಾತ್ರವನ್ನು ಕುಗ್ಗಿಸುತ್ತೇವೆ ಎಂಬಂಥ, ಯಾವ ಊರಿನ ಯಾವ ಅಭ್ಯರ್ಥಿಯ ಹೆಸರಿನಡಿ ಬೇಕಾದರೂ ಅಚ್ಚು ಹಾಕಿಸಬಹುದಾದ ವಾಕ್ಯಗಳು ಅದರಲ್ಲಿದ್ದವು. ಇಲ್ಲಿನ ಊರುಗಳಲ್ಲಿ ಶನಿವಾರ ಬೆಳಿಗ್ಗೆ ಜನ ತಮ್ಮ ಮನೆಯ ಕಸವನ್ನು ತಾವೇ ವಾಹನದಲ್ಲಿ ಹೇರಿಕೊಂಡು ಊರಿನ ಕಸದ ಕೇಂದ್ರಕ್ಕೆ ಬರುತ್ತಾರೆ, ಮತ ಕೇಳುವವರೂ ಅಲ್ಲಿಯೇ ನಿಲ್ಲುತ್ತಾರೆ. ನಾವು ಕೊಟ್ಟ ಹಾಳೆಯನ್ನು ಓದಿದ ವೃದ್ಧರೊಬ್ಬರು, ‘ನನ್ನ ಆಸ್ತಿ ತೆರಿಗೆಯನ್ನು ನಿಗದಿ ಮಾಡುವುದು ಮಾರ್ಚ್ ತಿಂಗಳ ಊರಿನ ಸಭೆ. ರಾಜಧಾನಿ ಕಾಂಕರ್ಡ್‌ನಲ್ಲಿ ಕುಳಿತು ನೀವು ಅದನ್ನು ಹೇಗೆ ಇಳಿಸುತ್ತೀರಿ?’ ಎಂದು ಕೇಳಿದರು. ನಮ್ಮ ಅಭ್ಯರ್ಥಿಯ ಬಳಿ ಉತ್ತರವಿರಲಿಲ್ಲ. ಬರೆದವನಾದ ನನ್ನ ಬಳಿಯೂ ಇರಲಿಲ್ಲ.

ಆ ಹಾಳೆಯನ್ನು ಬದಿಗಿಟ್ಟು ಬೇರೊಂದು ಕ್ರಮವನ್ನು ಹಿಡಿದೆ. ಪ್ರತಿ ವಿಷಯದಲ್ಲೂ ಈಗಿರುವ ಕಾನೂನು ಏನು, ಅದರಲ್ಲಿ ಯಾವ ಮಾತು ಬದಲಾಗಬೇಕು, ಅದರ ಖರ್ಚು ಯಾರ ಮೇಲೆ ಬೀಳುತ್ತದೆ, ಮಸೂದೆ ಸದನಕ್ಕೆ ಬಂದರೆ ನೀವು ಹೌದು ಎನ್ನುವಿರೋ ಇಲ್ಲ ಎನ್ನುವಿರೋ ಎಂದು ಅವರನ್ನು ಕೇಳಿ, ಉತ್ತರ ಬಂದದ್ದನ್ನು ಮಾತ್ರ ಬರೆಯುವುದೆಂದು ನಿರ್ಧರಿಸಿದೆ. ಈ ರಾಜ್ಯದಲ್ಲಿ ಮಂಡನೆಯಾದ ಪ್ರತಿಯೊಂದು ಮಸೂದೆಗೂ ಸಾರ್ವಜನಿಕ ವಿಚಾರಣೆ ನಡೆದು ಅದು ಸದನದ ಮತಕ್ಕೆ ಬರುವುದರಿಂದ ಕೊನೆಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. 2022ರ ಚುನಾವಣೆಯಲ್ಲಿ ರಿಪಬ್ಲಿಕನ್ನರು 201, ಡೆಮೊಕ್ರಾಟರು 198 ಸ್ಥಾನಗಳನ್ನು ಗೆದ್ದು, ಇನ್ನೊಂದು ಸ್ಥಾನದಲ್ಲಿ ಮತಗಳು ಸಮವಾಗಿದ್ದವು. ಅಂಥ ಸದನದಲ್ಲಿ ಒಬ್ಬ ಸದಸ್ಯರ ಮತಕ್ಕೆ ಎಷ್ಟು ಬೆಲೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಚ್ಚು ಸಮಯ ಹಿಡಿದದ್ದು ತೆರಿಗೆಯ ಪರಿಚ್ಛೇದ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮಾರಾಟ ತೆರಿಗೆ ಇಲ್ಲ, ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆಯೂ ಇಲ್ಲ. ಇವೆರಡನ್ನೂ ತರುವುದಿಲ್ಲವೆಂಬ ಪ್ರತಿಜ್ಞೆ 1970ರ ದಶಕದ ಗವರ್ನರ್ ಮೆಲ್ಡ್ರಿಮ್ ಥಾಮ್ಸನ್ ಅವರ ಕಾಲದಿಂದ ಇಲ್ಲಿನ ರಾಜಕಾರಣದ ಹೊಸ್ತಿಲಾಗಿದೆ. ಬಡ್ಡಿ ಮತ್ತು ಲಾಭಾಂಶದ ಮೇಲಿನ ತೆರಿಗೆ 5ರಿಂದ 4ಕ್ಕೆ, 2024ರಲ್ಲಿ 3 ಶೇಕಡಾಕ್ಕೆ ಇಳಿದು, 2025ರ ಜನವರಿ 1ರಿಂದ ರದ್ದಾಗುವುದೆಂದು ಆಗಲೇ ಕಾನೂನಾಗಿತ್ತು. ವ್ಯಾಪಾರದ ಲಾಭದ ಮೇಲಿನ ತೆರಿಗೆಯೂ 8.5ರಿಂದ 7.5 ಶೇಕಡಾಕ್ಕೆ ಇಳಿದಿತ್ತು. ಇವೆಲ್ಲವೂ ಅವರಿಗೆ ಒಪ್ಪಿಗೆ. ಆದರೆ ಮನೆಮನೆಗೆ ಹೋದಾಗ ಜನ ತೋರಿಸುತ್ತಿದ್ದದ್ದು ಆಸ್ತಿ ತೆರಿಗೆಯ ಬಿಲ್ಲನ್ನು. ಅದರಲ್ಲಿ ಊರಿನದು, ನಮ್ಮ ಜಿಲ್ಲೆಯಂಥ ಘಟಕವಾದ ಕೌಂಟಿಯದು, ಸ್ಥಳೀಯ ಶಾಲೆಯದು, ರಾಜ್ಯದ ಶಿಕ್ಷಣ ತೆರಿಗೆಯದು ಎಂದು ನಾಲ್ಕು ಸಾಲುಗಳಿರುತ್ತವೆ, ನಮ್ಮಲ್ಲಿ ಶಾಲೆಯ ಸಾಲೇ ಎಲ್ಲಕ್ಕಿಂತ ದೊಡ್ಡದು. ನಾನು ನನ್ನ ಮನೆಯ ಬಿಲ್ಲನ್ನೇ ಅವರ ಅಡುಗೆಮನೆಯ ಮೇಜಿನ ಮೇಲೆ ಹರಡಿ, ಈ ಸಾಲಿನ ಹೊರೆಯನ್ನು ರಾಜ್ಯ ಹೊತ್ತರೆ ಮಾತ್ರ ಬಿಲ್ಲು ಇಳಿಯುತ್ತದೆ, ಹೊರಲು ಹಣವೆಲ್ಲಿದೆ ಎಂದು ಕೇಳಿದೆ.

ಒಬ್ಬ ವಿದ್ಯಾರ್ಥಿಗೆ ರಾಜ್ಯ ಕೊಡುತ್ತಿದ್ದ ಮೂಲ ನೆರವು ಸುಮಾರು 4,100 ಡಾಲರ್. ಅದು ಸಾಲದು, ಕನಿಷ್ಠ 7,356 ಡಾಲರ್ ಬೇಕು ಎಂದು 2023ರ ನವೆಂಬರ್‌ನಲ್ಲಿ ವಿಚಾರಣಾ ನ್ಯಾಯಾಲಯ ತೀರ್ಪಿತ್ತಿತ್ತು. ಬೊಕ್ಕಸದ ಮೊತ್ತವನ್ನು ನ್ಯಾಯಾಧೀಶರು ನಿಗದಿ ಮಾಡಬಾರದು ಎಂಬುದು ಎಲ್ಲ ಸಂಪ್ರದಾಯವಾದಿಗಳಂತೆ ಅವರದೂ ಮಾತು. ಹಾಗಾದರೆ ಶಾಸಕರು ಎಷ್ಟು ನಿಗದಿ ಮಾಡಬೇಕು ಎಂದು ನಾನು ಬಿಡದೆ ಕೇಳಿದೆ. ಮೂರು ಸಂಜೆಗಳ ಚರ್ಚೆಯ ಬಳಿಕ ಅವರು ಹಿಡಿದದ್ದು ವಿಶೇಷ ಶಿಕ್ಷಣದ ವೆಚ್ಚವನ್ನು. ಅಂಗವಿಕಲ ಮಗುವಿನ ಶಿಕ್ಷಣದ ಖರ್ಚು ರಾಜ್ಯದ ಸರಾಸರಿಯ ಮೂರೂವರೆ ಪಟ್ಟು ದಾಟಿದ ಮೇಲೆ ಮಾತ್ರ ಅದಕ್ಕೆಂದೇ ಇರುವ ರಾಜ್ಯದ ನೆರವು ಸಿಗುತ್ತದೆ. ಅಲ್ಲಿಯವರೆಗಿನ ಭಾರದ ಬಹುಪಾಲು ಊರಿನ ಮೇಲೆಯೇ. ಹಣ ಕೊಡದೆ ಹೊಸ ಹೊಣೆಯನ್ನು ಊರುಗಳ ಮೇಲೆ ಹೊರಿಸಬಾರದೆಂದು 1984ರಲ್ಲಿ ರಾಜ್ಯ ಸಂವಿಧಾನಕ್ಕೆ ಸೇರಿದ 28-ಎ ವಿಧಿಯನ್ನು ಅವರು ಬಹಳ ಗೌರವಿಸುತ್ತಿದ್ದರು. ಕಾನೂನಿನ ಪ್ರಕಾರ ಈ ಖರ್ಚು ಆ ವಿಧಿಯೊಳಗೆ ಬರುತ್ತದೆಂದು ವಾದಿಸುವುದು ಕಷ್ಟ, ಆದರೆ ಅದರ ಆಶಯಕ್ಕೆ ಹೊಂದುತ್ತದೆ ಎಂದು ಹೇಳಿದೆ. ಕೊನೆಗೆ ಪತ್ರದಲ್ಲಿ ಬಂದ ವಾಕ್ಯ ಹೀಗಿತ್ತು: ‘ಹೊಸ ತೆರಿಗೆಗೆ ನನ್ನ ಮತವಿಲ್ಲ, ಬಜೆಟ್ಟಿನಲ್ಲಿ ಹಣ ಉಳಿದರೆ ಅದು ಇನ್ನೊಂದು ತೆರಿಗೆ ಕಡಿತಕ್ಕಿಂತ ಮೊದಲು ವಿಶೇಷ ಶಿಕ್ಷಣದ ನೆರವಿಗೆ ಹೋಗಬೇಕು.’ ಸಂಪ್ರದಾಯವಾದಿ ಅಭ್ಯರ್ಥಿಯೊಬ್ಬರು ತೆರಿಗೆ ಕಡಿತವನ್ನು ಎರಡನೆಯ ಸ್ಥಾನಕ್ಕೆ ಸರಿಸುವುದು ಸಣ್ಣ ಮಾತಲ್ಲ. ಇದನ್ನು ಬರೆಸಿಕೊಳ್ಳಲು ನಾನು ಒತ್ತಾಯಿಸಲಿಲ್ಲ, ಲೆಕ್ಕವನ್ನು ಅವರ ಮುಂದಿಟ್ಟೆನಷ್ಟೆ.

ಖಾಸಗಿ ಶಾಲೆಯ ಶುಲ್ಕಕ್ಕೆ ಅಥವಾ ಮನೆಪಾಠದ ಖರ್ಚಿಗೆ ರಾಜ್ಯದ ಹಣವನ್ನು ಕುಟುಂಬಕ್ಕೆ ಕೊಡುವ ಶಿಕ್ಷಣ ಸ್ವಾತಂತ್ರ್ಯ ಖಾತೆಗಳ ಯೋಜನೆ 2021ರಲ್ಲಿ ಆರಂಭವಾಯಿತು. ಕುಟುಂಬದ ಆದಾಯದ ಮಿತಿ ಮೊದಲು ಬಡತನ ರೇಖೆಯ 300 ಶೇಕಡಾ ಇದ್ದದ್ದು 2023ರಲ್ಲಿ 350 ಆಯಿತು. ನಾನು ಇದರ ಬಗ್ಗೆ ಅನುಮಾನವುಳ್ಳವನು. ಅವರು ದೃಢವಾಗಿ ಪರ. ಮಿತಿ ಇರಲಿ, ಹಣದ ಲೆಕ್ಕ ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದೆ ಬರಲಿ ಎಂಬಲ್ಲಿ ನಾವಿಬ್ಬರೂ ನಿಂತೆವು.

ಅವರದೇ ಎರಡು ತತ್ವಗಳು ಎದುರುಬದುರಾದದ್ದು ವಸತಿಯ ವಿಷಯದಲ್ಲಿ. ನನ್ನ ಜಾಗದಲ್ಲಿ ನಾನೇನು ಕಟ್ಟಬೇಕೆಂದು ಸರ್ಕಾರ ಹೇಳಬಾರದು ಎಂಬುದು ಒಂದು. ಊರಿನ ನಿಯಮವನ್ನು ಊರೇ ಮಾಡಿಕೊಳ್ಳಬೇಕು, ಕಾಂಕರ್ಡ್ ತಲೆಹಾಕಬಾರದು ಎಂಬುದು ಇನ್ನೊಂದು. ಒಂದೇ ಕುಟುಂಬದ ಮನೆಗೆ ತಾಗಿಕೊಂಡಂತೆ ಸಣ್ಣ ಮನೆಯೊಂದಕ್ಕೆ ಊರುಗಳು ಅವಕಾಶ ಕೊಡಲೇಬೇಕೆಂಬ ಕಾನೂನು 2017ರಲ್ಲಿ ಜಾರಿಗೆ ಬಂದಿತ್ತು. ಹಿತ್ತಲಲ್ಲಿ ಪ್ರತ್ಯೇಕವಾಗಿ ಕಟ್ಟುವುದು ಮಾತ್ರ ಊರಿನ ಇಚ್ಛೆಗೆ ಬಿಟ್ಟದ್ದು. ಅವರ ಮಗಳಿಗೆ ಈ ಊರಿನಲ್ಲಿ ಮನೆ ಕೊಳ್ಳಲು ಆಗಿರಲಿಲ್ಲ. ಊರಿನ ಅಧಿಕಾರಕ್ಕಿಂತ ಆಸ್ತಿಯ ಹಕ್ಕು ಮೊದಲೆಂದೂ ಹಿತ್ತಲ ಮನೆಗೆ ಅವಕಾಶ ಕೊಡುವ ಮಸೂದೆಗೆ ಹೌದೆನ್ನುವೆನೆಂದೂ ಬರೆಯಲು ಅವರು ಒಪ್ಪಿದ್ದು ಅದೇ ಕಾರಣಕ್ಕಿರಬೇಕು, ಬಾಯಿಬಿಟ್ಟು ಹಾಗೆ ಹೇಳಲಿಲ್ಲ.

ಗರ್ಭಪಾತ ಮತ್ತು ಬಂದೂಕಿನ ವಿಷಯಗಳು ಹೊರಗಿನವರು ಊಹಿಸುವಷ್ಟು ಜಾಗ ಹಿಡಿಯಲಿಲ್ಲ. 24 ವಾರಗಳ ಮಿತಿ 2022ರ ಜನವರಿಯಿಂದ ಜಾರಿಯಲ್ಲಿದೆ, ಅದನ್ನು ಬಿಗಿಗೊಳಿಸುವ ಮಸೂದೆಗೂ ಸಡಿಲಿಸುವ ಮಸೂದೆಗೂ ಮತವಿಲ್ಲ ಎಂದು ಒಂದು ವಾಕ್ಯ. ಪರವಾನಗಿಯಿಲ್ಲದೆ ಪಿಸ್ತೂಲನ್ನು ಮರೆಮಾಡಿ ಒಯ್ಯಲು ಅವಕಾಶ ಕೊಟ್ಟ 2017ರ ಕಾನೂನು ಹಾಗೆಯೇ ಇರಲಿ ಎಂದು ಇನ್ನೊಂದು. ದೇಶದ ದಕ್ಷಿಣ ಗಡಿಯಿಂದ ಬರುವ ವಲಸೆಯ ಬಗ್ಗೆ ಬಾಗಿಲುಬಾಗಿಲಲ್ಲೂ ಕೇಳುತ್ತಿದ್ದರೂ ಅದನ್ನು ಸೇರಿಸಲು ನಾನು ಒಪ್ಪಲಿಲ್ಲ. ರಾಜ್ಯದ ಶಾಸಕರಿಗೆ ಮತವಿಲ್ಲದ ವಿಷಯಕ್ಕೆ ಈ ಹಾಳೆಯಲ್ಲಿ ಸ್ಥಳವಿರಬಾರದೆಂಬುದು ನನ್ನ ಹಟವಾಗಿತ್ತು.

ಪಕ್ಷದವರಿಗೆ ಹಿಡಿಸದೆ ಹೋದದ್ದು ಕಾರ್ಮಿಕರ ವಿಷಯ. ಕಾರ್ಮಿಕ ಸಂಘಕ್ಕೆ ಸೇರದವರಿಂದ ಶುಲ್ಕ ಕೇಳಬಾರದೆಂಬ ‘ರೈಟ್ ಟು ವರ್ಕ್’ ಮಸೂದೆಯನ್ನು 2021ರಲ್ಲಿ ರಿಪಬ್ಲಿಕನ್ ಬಹುಮತವಿದ್ದ ಸದನವೇ ತಿರಸ್ಕರಿಸಿತ್ತು. ಸ್ವಂತ ಉದ್ಯಮಕ್ಕೆ ಮೊದಲು ಸಂಘದ ಸದಸ್ಯರಾಗಿದ್ದ ಇವರು, ಮಾಲೀಕನೂ ಸಂಘವೂ ಮಾಡಿಕೊಂಡ ಕರಾರಿನ ನಡುವೆ ಸರ್ಕಾರ ಬರುವುದು ಸಂಪ್ರದಾಯವಾದ ಹೇಗಾಗುತ್ತದೆ ಎಂದು ಕೇಳಿ, ವಿರುದ್ಧವೆಂದೇ ಬರೆಸಿದರು. ಹಿತೈಷಿಗಳಿಬ್ಬರು ಫೋನ್ ಮಾಡಿ ಆ ಸಾಲನ್ನು ತೆಗೆಯಲು ಹೇಳಿದರು. ಅವರು ತೆಗೆಸಲಿಲ್ಲ.

ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಸೆಪ್ಟೆಂಬರ್‌ನ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದ ಅವರು ನವೆಂಬರ್‌ನಲ್ಲಿ ಸ್ವಲ್ಪದರಲ್ಲಿ ಸೋತರು. ಅನಂತರ 2025ರ ಜೂನ್‌ನಲ್ಲಿ ಶಿಕ್ಷಣ ಖಾತೆಗಳ ಆದಾಯ ಮಿತಿಯೇ ರದ್ದಾಯಿತು. ಜುಲೈನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮೂಲ ನೆರವು ಸಾಲದೆಂಬ ತೀರ್ಪನ್ನು ಎತ್ತಿಹಿಡಿಯಿತು. ಅದೇ ಬೇಸಿಗೆಯಲ್ಲಿ ಹಿತ್ತಲ ಮನೆಗೂ ರಾಜ್ಯವೇ ಹಕ್ಕು ಕೊಟ್ಟಿತು. ಮತ್ತೆ ನಿಲ್ಲುವ ಯೋಚನೆಯಿದೆಯೆಂದು ಹೇಳಿ ಅವರು ಹಳೆಯ ಹಾಳೆಯನ್ನು ತಂದುಕೊಟ್ಟಿದ್ದಾರೆ. ವಸತಿಯ ಪರಿಚ್ಛೇದದ ಮೇಲೆ ತಾವೇ ಪೆನ್ಸಿಲ್ಲಿನಿಂದ ಗೆರೆ ಎಳೆದು, ‘ಇದು ಆಯಿತು’ ಎಂದು ಬರೆದಿದ್ದಾರೆ. ಆದಾಯ ಮಿತಿಯ ಸಾಲಿನ ಪಕ್ಕದಲ್ಲಿ ಪ್ರಶ್ನೆಯ ಗುರುತೊಂದನ್ನು ಹಾಕಿದ್ದಾರೆ, ಅದರ ಬಗ್ಗೆ ಈ ಶನಿವಾರ ಮಾತನಾಡಬೇಕು.