ಸೈರನ್ ಕೂಗಿದ್ರೆ ಬಾಲ್ಕನಿಗೆ ಓಡ್ಬೇಡಿ: ಟೊರ್ನಾಡೊ ಬಗ್ಗೆ ಹೊಸಬರಿಗೆ

ಹೊಸದಾಗಿ ಬಂದವರು ಮನೆ, ಸ್ಕೂಲು, ಲೈಸೆನ್ಸ್ ಎಲ್ಲಾ ಕೇಳ್ತಾರೆ, ಗಾಳಿ ಬಗ್ಗೆ ಮಾತ್ರ ಯಾರೂ ಕೇಳಲ್ಲ. ನಾವೂ ಕೇಳಿರ್ಲಿಲ್ಲ ಬಿಡಿ. ಅಮೆರಿಕದ ಈ ನಡುಭಾಗಕ್ಕೆ ಬಂದ ಮೊದಲ್ನೇ ವಸಂತದಲ್ಲಿ ಒಂದಿನ ಸಂಜೆ ಸೈರನ್ ಕೂಗ್ತು, ನಮ್ಮನೆಯವರು ವಿಡಿಯೋ ಮಾಡ್ತೀನಿ ಅಂತ ಫೋನ್ ಹಿಡ್ಕೊಂಡು ಬಾಲ್ಕನಿಗೆ ಹೋದ್ರು, ನಾನು ಒಣಗ್ಹಾಕಿದ್ದ ಬಟ್ಟೆ ಎತ್ತೋಕೆ ಹಿಂದೇನೇ ಹೋದೆ, ಆಕಾಶ ಒಂಥರಾ ಹಸಿರು ಹಸಿರು. ಕೆಳಗಿನ ಮನೆ ಅಜ್ಜಿ ಬಂದು ಬಾಗಿಲು ದಬದಬ ಬಡಿದು ನಮ್ಮಿಬ್ಬರನ್ನೂ ಅವರ ಬಾತ್‌ರೂಮಿಗೆ ಎಳ್ಕೊಂಡು ಹೋದ್ರು. ಆಗ್ಲೂ ನನ್ನ ಕೈಯಲ್ಲಿ ಟವೆಲ್ ಇತ್ತು.

ಅರ್ಧ ತಪ್ಪು ನಮ್ಮ ಪದದ್ದು. ಮೈದಾನದಲ್ಲಿ ತರಗೆಲೆ ಎತ್ಕೊಂಡು ಗಿರಗಿರ ತಿರುಗೋದೂ ಸುಂಟರಗಾಳಿ, ಟೊರ್ನಾಡೊನೂ ಸುಂಟರಗಾಳಿ. ಎರಡಕ್ಕೂ ಸಂಬಂಧಾನೇ ಇಲ್ಲ. ಧೂಳಿನ ಸುಳಿ ಬಿಸಿಲಿಗೆ ಕಾದ ನೆಲದಿಂದ ಮೇಲಕ್ಕೆ ಏಳತ್ತೆ, ಅದಕ್ಕೆ ಮೋಡಾನೇ ಬೇಡ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಸುಸ್ತಾಗಿ ಬಿದ್ದೋಗತ್ತೆ. ಟೊರ್ನಾಡೊಗೆ ಮೇಲೆ ಗುಡುಗಿನ ಮೋಡ, ಕೆಳಗೆ ನೆಲ, ಎರಡೂ ಕಡೆ ಹಿಡಿತ ಇರತ್ತೆ. ಮೋಡದಿಂದ ಸೊಂಡಿಲು ಥರ ಇಳಿದು ತಿರುಗೋ ಗಾಳಿ ನೆಲ ಮುಟ್ಟದೇ ಇದ್ರೆ ಅದಿನ್ನೂ ಟೊರ್ನಾಡೊ ಅಲ್ಲ. ಹಾಗಂತ ಸೊಂಡಿಲು ಅರ್ಧಕ್ಕೇ ನಿಂತಿದೆ ಅಂತ ನಿರಾಳ ಆಗ್ಬೇಡಿ, ಕಣ್ಣಿಗೆ ಕಾಣೋದು ಮೋಡ ಅಷ್ಟೇ, ಗಾಳಿ ಆಗ್ಲೇ ನೆಲದಲ್ಲಿ ಕೆಲಸ ಶುರು ಮಾಡಿರಬಹುದು.

ಹರಿಕೇನ್ ಬೇರೆ. ಸೈಕ್ಲೋನ್, ಟೈಫೂನ್, ಚಂಡಮಾರುತ ಎಲ್ಲಾ ಅದೇ ಜಾತಿ. ಬೆಚ್ಚಗಿರೋ ಸಮುದ್ರದ ಮೇಲೆ ಹುಟ್ಟತ್ತೆ, ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಬದುಕತ್ತೆ, ಅದಕ್ಕೊಂದು ಹೆಸರೂ ಇಡ್ತಾರೆ. ಟಿವಿಯಲ್ಲಿ ಇವತ್ತು ಇಲ್ಲಿ, ನಾಳಿದ್ದು ಅಲ್ಲಿ ಅಂತ ತೋರಿಸ್ತಾ ಇರ್ತಾರೆ, ನಮ್ಮ ತಲೇಲಿ ಕೂತಿರೋದು ಇದೇ ಲೆಕ್ಕ. ಟೊರ್ನಾಡೊಗೆ ಹೆಸರಿಲ್ಲ, ನಾಳಿದ್ದೂ ಇಲ್ಲ. ಬಹುಪಾಲು ಹತ್ತು ನಿಮಿಷದೊಳಗೆ ಮುಗಿಯತ್ತೆ, ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರ್ ಒಳಗೆ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಹತ್ರ ಬಂದಿದ್ದು ಮಾತ್ರ 4 ಕಿಲೋಮೀಟರಿಗೂ ಹೆಚ್ಚು ಅಗಲ ಇತ್ತು.

ಇನ್ನೊಂದು ಇದೆ, ಮೋಡದಿಂದ ಗಾಳಿ ದಬಕ್ ಅಂತ ಕೆಳಗೆ ಬಿದ್ದು ನೇರ ನುಗ್ಗೋದು. ತಿರುಗಲ್ಲ. ಬಿದ್ದ ಮರ ಎಲ್ಲಾ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಮಲಗಿರತ್ತೆ. ಚಾವಣಿ ಹೋಗೋದು ಇದ್ರಲ್ಲೂ ಹೋಗತ್ತೆ.

ಈಗ ಮುಖ್ಯದ್ದು. ವಾಚ್ ಬೇರೆ, ವಾರ್ನಿಂಗ್ ಬೇರೆ. ನಾನು ಎರಡು ವರ್ಷ ಉಲ್ಟಾ ತಿಳ್ಕೊಂಡಿದ್ದೆ. ಟೊರ್ನಾಡೊ ವಾಚ್ ಅಂದ್ರೆ ಹವಾ ಹಾಗಿದೆ, ಬರಬಹುದು, ಶೂ, ಔಷಧಿ, ಚಾರ್ಜರ್ ಹತ್ರ ಇಟ್ಕೊಳ್ಳಿ ಅಂತ. ವಾರ್ನಿಂಗ್ ಅಂದ್ರೆ ರೇಡಾರ್‌ನಲ್ಲಿ ಸುಳಿ ಕಂಡಿದೆ ಅಥವಾ ಯಾರೋ ಕಣ್ಣಾರೆ ನೋಡಿದ್ದಾರೆ, ಈಗ್ಲೇ ಒಳಗೆ ಹೋಗಿ ಅಂತ. ಆಮೇಲೆ ಹತ್ತು ಹದಿನೈದು ನಿಮಿಷ ಸಿಕ್ಕಿದ್ರೆ ಪುಣ್ಯ, ಕೆಲವು ಸಲ ಅಷ್ಟೂ ಸಿಗಲ್ಲ. ಅಂಥಾ ಹೊತ್ತಲ್ಲಿ ನಮ್ಮ ಜನ ಇಲ್ಲಿನ ಕನ್ನಡ ಸಂಘದ ವಾಟ್ಸ್ಯಾಪ್ ಗ್ರೂಪಲ್ಲಿ "ಎಷ್ಟನೇ ಕೆಟಗರಿ?" ಅಂತ ಕೇಳ್ತಾ ಕೂರ್ತಾರೆ! ಕೆಟಗರಿ ಹರಿಕೇನ್‌ಗೆ. ಟೊರ್ನಾಡೊಗೆ ಇಎಫ್ (ಎನ್‌ಹಾನ್ಸ್ಡ್ ಫುಜಿಟಾ) ಅನ್ನೋ ಅಳತೇಲಿ 0ರಿಂದ 5ರ ತನಕ ನಂಬರ್ ಕೊಡ್ತಾರೆ, ಅದೂ ಎಲ್ಲಾ ಮುಗಿದ್ಮೇಲೆ ಬಿದ್ದಿದ್ದನ್ನ ನೋಡಿ. ಕಣ್ಣಿಗೆ ಕಾಣ್ಲಿ ಆಮೇಲೆ ಹೋಗೋಣ ಅನ್ನೋದೂ ಬೇಡ, ರಾತ್ರಿ ಹೊತ್ತು ಅಥವಾ ಮಳೆ ಸುತ್ಕೊಂಡಿದ್ರೆ ಕಾಣೋದೇ ಇಲ್ಲ. 2011ರಲ್ಲಿ ಮಿಸೌರಿಯ ಜಾಪ್ಲಿನ್‌ನಲ್ಲಿ ಬಂದಿದ್ದೂ ಹಂಗೇ ಮಳೇಲಿ ಮುಚ್ಕೊಂಡಿತ್ತು, 150ಕ್ಕೂ ಹೆಚ್ಚು ಜನ ಹೋದ್ರು.

ಎಲ್ಲಿ ಹೋಗ್ಬೇಕು:
- ಬೇಸ್‌ಮೆಂಟ್
- ಇಲ್ದಿದ್ರೆ ಕೆಳಗಿನ ಮಹಡಿ, ಕಿಟಕಿ ಇಲ್ಲದ ಒಳಗಿನ ರೂಮು
- ಕಾಲಿಗೆ ಶೂ, ತಲೆಗೆ ಹೆಲ್ಮೆಟ್, ಮಕ್ಕಳಿಗೆ ಸೈಕಲ್ ಹೆಲ್ಮೆಟ್ಟೇ ಸಾಕು
- ಮೊಬೈಲ್ ಹೋಮ್‌ನಲ್ಲಿ (ಫ್ಯಾಕ್ಟರೀಲಿ ಮಾಡಿ ತಂದಿಡೋ ಹಗುರ ಮನೆ) ಇರಲೇಬೇಡಿ, ವಾಚ್ ಬಂದಾಗ್ಲೇ ಹೊರಡಿ
- ಹೈವೇ ಸೇತುವೆ ಕೆಳಗೆ ನಿಲ್ಬೇಡಿ, ಅಲ್ಲಿ ಗಾಳಿ ಇನ್ನೂ ಜೋರಾಗತ್ತೆ
- ಕಿಟಕಿ ತೆಗೀಬೇಡಿ, ತೆಗೆದ್ರೆ ಒತ್ತಡ ಸಮ ಆಗಿ ಮನೆ ಉಳಿಯತ್ತೆ ಅನ್ನೋದು ಹಳೇ ಸುಳ್ಳು

ಸೈರನ್ ಇರೋದು ಹೊರಗಿದ್ದವರಿಗೆ, ಎಸಿ ಹಾಕಿ ಮಲಗಿದ್ರೆ ಕೇಳ್ಸಲ್ಲ. ಫೋನಿನ ಎಮರ್ಜೆನ್ಸಿ ಅಲರ್ಟು ಕಿರಿಕಿರಿ ಅಂತ ಆಫ್ ಮಾಡಿದ್ರೆ ಇವತ್ತೇ ಆನ್ ಮಾಡಿ. ಊರಿಂದ ಅಪ್ಪ ಅಮ್ಮ ಬಂದಿದ್ರೆ ಅವರನ್ನ ಆ ರೂಮಿಗೆ ಒಂದು ಸಲ ನಡೆಸಿಕೊಂಡು ಹೋಗಿ ತೋರ್ಸಿ. ನೀವು ಆಫೀಸಲ್ಲಿ ಇದ್ದಾಗ ವಾರ್ನಿಂಗ್ ಬಂದ್ರೆ ನಮ್ಮ ಸಂಘದವರು ಅವರಿಗೆ ಕನ್ನಡದಲ್ಲೇ ಫೋನ್ ಮಾಡಿ ಹೇಳ್ತಾರೆ, ಅಪ್ಪ ಅಮ್ಮನ ನಂಬರ್ ನಮ್ಮ ಹತ್ರ ಇದ್ರೆ.